ಮಾರ್ಚ್ ಕಾಮಗಾರಿಯೂ ತೋಳದ ಮರಿಯೂ: ವನ್ಯಜೀವಿ ವಿಭಾಗದ ಮುಖ್ಯಸ್ಥರಿಗೆ ಒಣನಾಡಿನ ಲೆಕ್ಕ

ಮಾನ್ಯ ಸಂಪಾದಕರೆ,

ಅರಣ್ಯ ಭವನದಲ್ಲಿ ವನ್ಯಜೀವಿ ವಿಭಾಗದ ಕುರ್ಚಿ ಬದಲಾಗುವ ಮಾತು ಬಂದಾಗಲೆಲ್ಲ ಚರ್ಚೆ ಬಂಡೀಪುರ, ನಾಗರಹೊಳೆಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಹೊಡೆಯಲಿ. 2022ರ ಅಂದಾಜಿನಲ್ಲಿ 563 ಹುಲಿ, 2023ರ ಲೆಕ್ಕದಲ್ಲಿ 6,395 ಆನೆ ಇರುವ ರಾಜ್ಯ ಇದು; ಅಷ್ಟು ಭಾರ ಹೊತ್ತವರಿಗೆ ಬೀದರ್ ಮಡ್ಡಿಯ (ತೆರೆದ ಹುಲ್ಲುಬಯಲಿನ) ಚಿಗರಿ ಅಂದರೆ ಕೃಷ್ಣಮೃಗ, ಚಿಂಚೋಳಿಯ ತೋಳ ನೆನಪಾಗದಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಹುಲಿಗೆ ಸಹಿ ಹಾಕುವ ಪೆನ್ನೇ ಚಿಗರಿಗೂ ಸಹಿ ಹಾಕಬೇಕು. ಈ ಭಾಗದ ಹುಲ್ಲು, ನೀರು, ಬೆಳೆ ಬಲ್ಲವರಾಗಿ ನಾವು ಕೇಳುವುದು ಒಂದೇ: ಇಲಾಖೆಯ ದುಡ್ಡು, ಆದೇಶ, ವರ್ಗಾವಣೆ ಈ ಮೂರೂ ನಮ್ಮ ಹುಲ್ಲಿನ ತಿಂಗಳಿಗೆ ಸರಿಯಾಗಿ ಬರಲಿ. ಮಲೆನಾಡಿನ ತಿಂಗಳಿಗೋ ಮಾರ್ಚ್ 31ಕ್ಕೋ ಬಂದರೆ ಇಲ್ಲಿ ಕೆಲಸ ಆಗುವುದಿಲ್ಲ, ಬಿಲ್ಲು ಮಾತ್ರ ಆಗುತ್ತದೆ.

ಕಲಬುರಗಿ ಜಿಲ್ಲೆಯ ಚಿಂಚೋಳಿ ವನ್ಯಜೀವಿ ಧಾಮ (ಅಭಯಾರಣ್ಯ) 2011ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 134.88 ಚದರ ಕಿ.ಮೀ. ಕೊಂಚಾವರಂ ಕಾಡು, ಚಂದ್ರಂಪಳ್ಳಿ ಜಲಾಶಯ, ಎತ್ತಿಪೋತೆ ಜಲಪಾತ, ಅದರಾಚೆ ತೆಲಂಗಾಣ. ಅಂಚಿನಲ್ಲೂ ಒಳಗೂ ಲಂಬಾಣಿ ತಾಂಡಾಗಳು. ಬೀದರ್ ಕಡೆ ಜಂಬಿಟ್ಟಿಗೆ ಮಣ್ಣಿನ ಎತ್ತರದ ಬಯಲು, ಹೊನ್ನಿಕೇರಿಯ ಕಾಡು, ಅದರ ಸುತ್ತ ಗಾಯರಾಣ (ಗೋಮಾಳ) ಮತ್ತು ಹೊಲ. ಯಾದಗಿರಿ ಕಡೆ ಸುರಪುರ ತಾಲ್ಲೂಕಿನ ಬೋನಾಳ ಕೆರೆ, ಚಳಿಗಾಲದ ಹೆಬ್ಬಾತುಗಳ ತಾಣ. ಮೂರೂ ಕಡೆ ಪ್ರಾಣಿ ಇರುವ ಜಾಗ ಒಂದು, ನಕ್ಷೆಯಲ್ಲಿ ಹಸಿರು ಬಳಿದ ಜಾಗ ಇನ್ನೊಂದು. ಚಿಗರಿ ಹಗಲಿಗೆ ಅರಣ್ಯದ ಅಂಚು, ಬೆಳಿಗ್ಗೆ ಸಂಜೆ ರೈತರ ಹೊಲ, ನಡುವೆ ಕಂದಾಯ ಇಲಾಖೆಯ ಮಡ್ಡಿ ಅಂತ ತಿರುಗುತ್ತದೆ. ಪಹಣಿ ಓದಿ ಮೇಯುವ ಪ್ರಾಣಿ ಅಲ್ಲ ಅದು.

ಮೊದಲು ತಿಂಗಳ ಮಾತು. ಮಿರಗ (ಮೃಗಶಿರಾ) ಮಳೆಗೆ ಕರಡ ಹುಲ್ಲು ಚಿಗುರುತ್ತದೆ, ಗಣಪತಿ ಹಬ್ಬದ ಹೊತ್ತಿಗೆ ಮೊಣಕಾಲುದ್ದ, ದಸರೆ ದೀಪಾವಳಿ ನಡುವೆ ಬೀಜ ಉದುರುತ್ತದೆ. ಎಳ್ಳ ಅಮಾವಾಸ್ಯೆಗೆ ರೈತರು ಹೊಲದಲ್ಲಿ ಚರಗ ಚೆಲ್ಲುವಾಗ ಹುಲ್ಲು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಶಿವರಾತ್ರಿಗೆ ಒಂದು ಬೀಡಿ ತುಂಡು ಸಾಕು. ಅಂದರೆ ಬೆಂಕಿ ಹರಡದಂತೆ ತಡೆಯುವ ಬೋಳು ಪಟ್ಟಿ, ಬೆಂಕಿ ರೇಖೆ, ಎಳೆಯಲು ಸಿಗುವುದು ದೀಪಾವಳಿಯಿಂದ ಎಳ್ಳ ಅಮಾವಾಸ್ಯೆವರೆಗಿನ ಸುಮಾರು ಎರಡು ತಿಂಗಳು. ಬೀಜ ಉದುರಿರಬೇಕು, ಕಾಂಡದಲ್ಲಿ ಇನ್ನೂ ಸ್ವಲ್ಪ ಹಸಿ ಇರಬೇಕು.

ರೇಖೆ ಎಂದರೆ ಹುಲ್ಲು ಕೊಯ್ದ ದಾರಿ ಅಂತ ಬಹಳ ಜನ ತಿಳಿದಿದ್ದಾರೆ. ಸರಿಯಾದ ಕ್ರಮ ಹೀಗಿದೆ. ಸುಮಾರು 10 ಮೀಟರ್ ಅಗಲದ ಪಟ್ಟಿಯ ಎರಡೂ ಅಂಚಿನಲ್ಲಿ ಒಂದೊಂದು ಮೀಟರಿನಷ್ಟು ನೆಲ ಕಾಣುವಂತೆ ಕೆರೆಯಬೇಕು. ನಡುವಿನ ಹುಲ್ಲು ಕೊಯ್ದು ಅಲ್ಲೇ ಒಂದು ವಾರ ಒಣಗಲು ಬಿಡಬೇಕು. ಆಮೇಲೆ ಗಾಳಿ ಏಳುವ ಮೊದಲು, ಮಂಜಿನ ತೇವ ಅಂಚಿನ ಹುಲ್ಲಿನಲ್ಲಿ ಇರುವಾಗಲೇ, ಏಳೆಂಟು ಜನ ಹಸಿ ಟೊಂಗೆ ಹಿಡಿದು ಎರಡೂ ಕಡೆ ನಿಂತು ಸುಡಬೇಕು. ಗಾಳಿಗೆ ಎದುರಾಗಿ ಹಚ್ಚಿದರೆ ಬೆಂಕಿ ನಿಧಾನ ನಡೆಯುತ್ತದೆ, ಗಾಳಿಯ ಜೊತೆ ಹಚ್ಚಿದರೆ ಓಡುತ್ತದೆ. ಬೆಳಿಗ್ಗೆ 9ಕ್ಕೆ ಕೆಲಸ ಮುಗಿದಿರಬೇಕು. ತಪ್ಪುವುದು ಎಲ್ಲಿ? ಕೊಯ್ದ ಹುಲ್ಲನ್ನು ಸುಡದೆ ಪಟ್ಟಿಯಲ್ಲೇ ಬಿಟ್ಟರೆ ಬೆಂಕಿಗೆ ನಾವೇ ಸೇತುವೆ ಕಟ್ಟಿದಂತೆ. ಅಳತೆ ಪುಸ್ತಕಕ್ಕೆ ಮಾತ್ರ ಅದು ಪೂರ್ಣಗೊಂಡ ಕಿಲೋಮೀಟರ್. ಇನ್ನೊಂದು, ದುಡ್ಡು ಫೆಬ್ರವರಿಯಲ್ಲಿ ಬಂದರೆ ರೇಖೆ ಮಾರ್ಚಿನಲ್ಲಿ ಆಗುತ್ತದೆ. ಆಗ ರೇಖೆ ಸುಡಲು ಹಚ್ಚಿದ ಬೆಂಕಿಯೇ ಮಡ್ಡಿ ಸುಡುತ್ತದೆ.

ಉಪಗ್ರಹದ ಎಚ್ಚರಿಕೆ ಇದೆಯಲ್ಲ ಎನ್ನಬಹುದು. ಭಾರತೀಯ ಅರಣ್ಯ ಸಮೀಕ್ಷೆಯ ಸಂದೇಶ ಮೊಬೈಲಿಗೆ ಬರುತ್ತದೆ, ನಿಜ. ಅದಕ್ಕೆ ಬಳಸುವ ವಿಯರ್ಸ್ ಸಂವೇದಕದ ಒಂದು ಚುಕ್ಕೆ ಅಂದರೆ 375 ಮೀಟರ್ ಚೌಕ, ಮತ್ತು ಆ ಉಪಗ್ರಹಗಳು ನಮ್ಮ ತಲೆ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸು. ದಟ್ಟ ಕಾಡಿನ ಬೆಂಕಿ ದಿನಗಟ್ಟಲೆ ಹೊಗೆಯಾಡುತ್ತದೆ, ಸಿಕ್ಕಿಬೀಳುತ್ತದೆ. ಹುಲ್ಲಿನ ಬೆಂಕಿ ಸಂಜೆ 4ಕ್ಕೆ ಹತ್ತಿ 6ಕ್ಕೆ ಆರುತ್ತದೆ. ಪಟ್ಟಿಯಲ್ಲಿ ಇಲ್ಲ ಎಂದರೆ ಬೆಂಕಿ ಬಿದ್ದಿಲ್ಲ ಎಂದು ಬೆಂಗಳೂರಿನಲ್ಲಿ ಕೂತವರು ಓದಿಕೊಂಡರೆ ಅದು ಓದಿನ ತಪ್ಪು. ಸುಟ್ಟ ಜಾಗದ ಗಡಿಯನ್ನು ಗಸ್ತಿನವರು ನಡೆದು ಮೊಬೈಲಿನಲ್ಲಿ ಗುರುತಿಸಿ ಕಳಿಸುವ ಪದ್ಧತಿಯೇ ಇಲ್ಲಿ ನಂಬಿಕೆಗೆ ಯೋಗ್ಯ. ಗಡಿಯಾಚೆ ತೆಲಂಗಾಣದ ಕಾಡಿನಿಂದ ಬರುವ ಬೆಂಕಿಗೆ ಇನ್ನೂ ಸರಳ ಉಪಾಯ: ಎರಡೂ ಕಡೆಯ ವಲಯಗಳ ಸಿಬ್ಬಂದಿಯ ಫೋನ್ ನಂಬರು ಜನವರಿಯಲ್ಲೇ ಅದಲು ಬದಲಾಗಿರಲಿ.

ಈಗ ತೋಳದ ಮರಿ. ನಮ್ಮ ಬಯಲುಸೀಮೆಯ ತೋಳ ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್ ಒಳಗೆ ಗುಹೆಯಲ್ಲಿ ಮರಿ ಹಾಕುತ್ತದೆ. ಗುಹೆ ಎಂದರೆ ದೊಡ್ಡದೇನಲ್ಲ: ಹಳ್ಳದ ದಂಡೆಯ ಕೊರಕಲು, ಬಂಡೆಯ ಬುಡ, ಬಳ್ಳಾರಿ ಜಾಲಿಯ ಪೊದೆಯ ಕೆಳಗೆ ತೋಡಿದ ತೂತು. ಅದೇ ನಾಲ್ಕು ತಿಂಗಳಲ್ಲಿ ವರ್ಷಾಂತ್ಯದ ಅನುದಾನ ಮುಗಿಸುವ ಅವಸರದಲ್ಲಿ ಜೆಸಿಬಿ ಮಡ್ಡಿಗೆ ಇಳಿಯುತ್ತದೆ: ಕಂದಕ, ಚೆಕ್ ಡ್ಯಾಂ, ನೆಡುತೋಪಿನ ಗುಂಡಿ. ತಾಯಿ ಮರಿಗಳನ್ನು ಬಾಯಲ್ಲಿ ಕಚ್ಚಿ ಇನ್ನೊಂದು ಜಾಗಕ್ಕೆ ಒಯ್ಯುತ್ತದೆ, ಸಾಮಾನ್ಯವಾಗಿ ಊರಿಗೆ ಇನ್ನೂ ಹತ್ತಿರ. ಆಮೇಲೆ ಕುರಿ ದೊಡ್ಡಿಗೆ ತೋಳ ಬಂತು ಎಂಬ ದೂರು. ಒಂದು ಸುತ್ತೋಲೆ ಸಾಕು ಇದಕ್ಕೆ: ಡಿಸೆಂಬರ್ 15ರಿಂದ ಏಪ್ರಿಲ್ 15ರವರೆಗೆ ಹುಲ್ಲುಗಾವಲಿನಲ್ಲಿ ಯಂತ್ರದ ಮಣ್ಣಿನ ಕೆಲಸ ಬೇಡ, ಆ ದುಡ್ಡಿನ ಕೆಲಸವೆಲ್ಲ ನವೆಂಬರಿಗೆ ಮುಗಿಯಲಿ, ಇಲ್ಲವೆ ಮುಂದಿನ ಸಾಲಿಗೆ ಹೋಗಲಿ. ಕಾಗದದ ಮೇಲೆ ಅರ್ಧ ಪುಟ. ಅದನ್ನು ಬರೆಯಲು ಬೇಕಾದ ಧೈರ್ಯ ಮಾತ್ರ ಸ್ವಲ್ಪ ಹೆಚ್ಚು, ಯಾಕೆಂದರೆ ಖರ್ಚಾಗದ ಅನುದಾನ ಹಿಂದಕ್ಕೆ ಹೋಗುತ್ತದೆ ಎಂಬ ಭಯ ಇಲಾಖೆಯ ಮೇಲಿಂದ ಕೆಳಗಿನವರೆಗೂ ಇದೆ. ಕೇಂದ್ರದ ವನ್ಯಜೀವಿ ಆವಾಸ ಅಭಿವೃದ್ಧಿ ಯೋಜನೆಯಲ್ಲಿ ಕೇಂದ್ರ 60, ರಾಜ್ಯ 40 ಪಾಲು. ಎರಡರಲ್ಲಿ ಒಂದು ಕಂತು ಸಿಕ್ಕಿಕೊಂಡರೂ ವಲಯ ಕಚೇರಿಯ ಬೆಂಕಿ ಕಾವಲುಗಾರನ ಕೂಲಿ ನಿಲ್ಲುತ್ತದೆ. ಆದ್ದರಿಂದ ಬೆಂಕಿ ರೇಖೆ ಮತ್ತು ಕಾವಲಿನ ಕೂಲಿಗೆ ಕಂತಿನ ದಾರಿ ಕಾಯದ ಒಂದು ಪ್ರತ್ಯೇಕ ಗಂಟನ್ನು ರಾಜ್ಯದ ಹಣದಲ್ಲೇ ಅಕ್ಟೋಬರಿಗೆ ಕಟ್ಟಿಡಬೇಕು. ಒಣ ಹುಲ್ಲು ಕಂತು ಬರುವವರೆಗೆ ಕಾಯುವುದಿಲ್ಲ.

ಗಿಡ ನೆಡುವ ವಿಷಯಕ್ಕೆ ಬಂದರೆ ಜನ ನಮ್ಮ ಮೇಲೆ ಸಿಟ್ಟಾಗುತ್ತಾರೆ. ಅರಣ್ಯ ಕಡಿಮೆ ಇರುವ ಜಿಲ್ಲೆ, ಗಿಡ ಬೇಡ ಅನ್ನುತ್ತೀರಾ ಎಂದು. ರಸ್ತೆ ಬದಿ, ಶಾಲೆ, ಹೊಲದ ಬದು, ಕೆರೆ ದಂಡೆ, ಎಲ್ಲ ಕಡೆ ಬೇಕು. ಬೀದರ್‌ನ ದೇವ ದೇವ ವನದಂಥ ಉದ್ಯಾನ ಇನ್ನೂ ನಾಲ್ಕು ಆಗಲಿ. ಆದರೆ ಚಿಗರಿ ಮೇಯುವ ತೆರೆದ ಬಯಲಿನಲ್ಲಿ ಹೊಂಗೆ, ಗ್ಲಿರಿಸಿಡಿಯಾ, ಅಕೇಶಿಯಾ ನೆಟ್ಟು ಸುತ್ತ ಕಂದಕ ತೋಡಿದರೆ ನಾವು ಒಂದು ಕಾಡು ಬೆಳೆಸಿದ್ದಲ್ಲ, ಒಂದು ಹುಲ್ಲುಗಾವಲು ಕೊಂದದ್ದು. ಚಿಗರಿಗೆ ದೂರ ಕಾಣಬೇಕು. ಅದರ ರಕ್ಷಣೆ ಕಣ್ಣು ಮತ್ತು ಕಾಲು. ಪೊದೆಯ ಮರೆ ಬೆಳೆದಷ್ಟೂ ಬೀದಿನಾಯಿಗೆ ಅನುಕೂಲ. ಕಂದಕವಂತೂ ನಾಯಿಗಳ ಹಿಂಡಿಗೆ ಬೇಟೆಯ ಗೋಡೆ ಕಟ್ಟಿಕೊಟ್ಟಂತೆ. ಬೇಲಿ ಹಾಕಲೇಬೇಕಾದಲ್ಲಿ ಕೆಳಗಿನ ತಂತಿ ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಅದಕ್ಕೆ ಮುಳ್ಳು ಬೇಡ. ಎತ್ತರ ನೆಗೆಯುವ ಪ್ರಾಣಿಯಾದರೂ ಬೇಲಿ ಕಂಡಾಗ ಚಿಗರಿ ಹೆಚ್ಚಾಗಿ ಕೆಳಗಿನಿಂದಲೇ ನುಸುಳುತ್ತದೆ.

ಬಳ್ಳಾರಿ ಜಾಲಿ ತೆಗೆಯುವುದೂ ಹೀಗೇ ಅರ್ಧಂಬರ್ಧ ಆಗುತ್ತದೆ. ಬುಡಕ್ಕೆ ಕೊಡಲಿ ಹಾಕಿ ಬಿಟ್ಟರೆ ಒಂದಕ್ಕೆ ಹತ್ತು ಚಿಗುರು. ಅದು ಮತ್ತೆ ಚಿಗುರುವುದು ನೆಲಮಟ್ಟದ ಕೆಳಗಿನ ಬುಡಗಡ್ಡೆಯಿಂದ. ಒಂದರಿಂದ ಒಂದೂವರೆ ಅಡಿ ಆಳದವರೆಗೆ ಆ ಗಡ್ಡೆಯನ್ನು ಪೂರ್ತಿ ಎಬ್ಬಿಸಿ ಬೇರು ಮೇಲೆ ಮಾಡಿ ಬಿಸಿಲಿಗೆ ಹಾಕಿದರೆ ಮಾತ್ರ ಸಾಯುತ್ತದೆ. ಕಾಲ ಯಾವುದು? ಮಳೆ ನಿಂತು ನೆಲ ಮೆತ್ತಗಿರುವ ಅಕ್ಟೋಬರ್, ನವೆಂಬರ್. ಎರೆ ನೆಲದಲ್ಲಿ ಸ್ವಲ್ಪ ಮೊದಲೇ ಇಳಿದರೆ ಜೆಸಿಬಿ ಹೂತುಹೋಗುತ್ತದೆ, ಜಂಬಿಟ್ಟಿಗೆಯಲ್ಲಿ ತಡ ಮಾಡಿದರೆ ನೆಲ ಕಲ್ಲಾಗಿ ಬೇರು ಅರ್ಧಕ್ಕೆ ತುಂಡಾಗುತ್ತದೆ. ಬೀದರ್‌ಗೂ ಯಾದಗಿರಿಗೂ ಒಂದೇ ದಿನಾಂಕದ ಟೆಂಡರ್ ಕರೆದರೆ ಎರಡರಲ್ಲಿ ಒಂದು ಕಡೆ ದುಡ್ಡು ದಂಡ ಅಂತಲೇ ಅರ್ಥ. ಕಾಯಿ ಹಣ್ಣಾದ ಮೇಲೆ ಕಡಿದು ಸಾಗಿಸಿದರೆ ದಾರಿಯುದ್ದಕ್ಕೂ ಬೀಜ. ದನ, ಮೇಕೆ ಆ ಕಾಯಿ ತಿಂದು ಸೆಗಣಿ, ಹಿಕ್ಕೆಯಲ್ಲಿ ಮತ್ತೆ ಬಿತ್ತುತ್ತವೆ.

ಕಿತ್ತ ಗುಂಡಿ ಮುಚ್ಚಬೇಕು. ಮುಚ್ಚಿದ ಜಾಗದಲ್ಲಿ ಅಲ್ಲಿನದೇ ಕರಡದ ಬೀಜ ಹೆಕ್ಟೇರಿಗೆ 5ರಿಂದ 8 ಕೆ.ಜಿ. ಲೆಕ್ಕದಲ್ಲಿ, ಹಗುರ ಬೀಜ ಗಾಳಿಗೆ ಹಾರದಂತೆ ಮಣ್ಣು ಸೆಗಣಿಯಲ್ಲಿ ಉಂಡೆ ಕಟ್ಟಿ, ಮಿರಗಕ್ಕೆ ಮೊದಲು ಚೆಲ್ಲಬೇಕು. ನಂತರದ ಎರಡು ಮೂರು ಮಳೆಗಾಲ ಗೇಣುದ್ದದ ಜಾಲಿ ಸಸಿಗಳನ್ನು ಹಸಿ ನೆಲದಲ್ಲಿ ಕೈಯಿಂದಲೇ ಕೀಳಬೇಕು. ಈ ಕೊನೆಯ ಕೆಲಸಕ್ಕೆ ದುಡ್ಡು ಬಹಳ ಕಡಿಮೆ, ಅಂದಾಜು ಪಟ್ಟಿಯಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. ಹಾಗಂತ ಜಾಲಿಯನ್ನೆಲ್ಲ ಒಂದೇ ವರ್ಷ ಬೋಳಿಸುವುದೂ ಸಲ್ಲ. ತೋಳ, ಕಿರುಬ ಹಗಲು ಮರೆಯಾಗಲು ಈಗ ಅದನ್ನೇ ನಂಬಿವೆ. ತುಂಡು ತುಂಡಾಗಿ, ಹಳ್ಳದ ದಂಡೆಯ ಪೊದೆ ಕೊನೆಗೆ.

ಬೇಸಿಗೆಯ ನೀರಿನ ತೊಟ್ಟಿ ನೋಡಲು ಸಣ್ಣ ವಿಷಯ. ನೇರ ಗೋಡೆಯ ಸಿಮೆಂಟ್ ತೊಟ್ಟಿ ಕಟ್ಟಿದರೆ ಮೊಲ, ಚಿಗರಿ ಮರಿ, ಉಡ ಬಿದ್ದು ಸಾಯುತ್ತವೆ; ಸತ್ತ ಪ್ರಾಣಿಯ ನೀರನ್ನು ಮಿಕ್ಕವು ಕುಡಿಯುತ್ತವೆ. ಬೇಕಾದ್ದು ತಟ್ಟೆಯಾಕಾರದ ತೊಟ್ಟಿ: ಅಡ್ಡಗಲ 4 ಮೀಟರ್, ನಡುವೆ ಆಳ ಒಂದೂವರೆ ಅಡಿ, ಅಂಚಿನಿಂದ ನಡುವಿಗೆ ಜಾರದ ಒರಟು ಇಳಿಜಾರು. ಇದರಲ್ಲಿ ಸುಮಾರು 1,900 ಲೀಟರ್ ಹಿಡಿಯುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ದಿನಕ್ಕೆ ಒಂದು ಸೆಂಟಿಮೀಟರ್ ನೀರು ಆವಿಯಾಗುವುದು ಸಾಮಾನ್ಯ; ತುಂಬಿದ ತೊಟ್ಟಿಯ ಮೇಲ್ಮೈ ಹನ್ನೆರಡೂವರೆ ಚದರ ಮೀಟರ್, ಅಂದರೆ ಯಾವ ಪ್ರಾಣಿಯೂ ಬಾಯಿ ಹಾಕದೆ ದಿನಕ್ಕೆ 125 ಲೀಟರ್ ಹೋಯಿತು. ವಾರಕ್ಕೊಮ್ಮೆ ಟ್ಯಾಂಕರ್ ಎಂಬ ಆದೇಶ ಇದ್ದರೆ ಹಿಂಡು ದೊಡ್ಡದಿರುವ ಕಡೆ ಐದನೇ ದಿನಕ್ಕೆ ತಳದಲ್ಲಿ ಕೆಸರು. ಆರನೇ ದಿನ ಚಿಗರಿ ಊರ ಹೊಂಡಕ್ಕೆ, ಅಲ್ಲಿ ನಾಯಿಗೆ. ಆದ್ದರಿಂದ ಆದೇಶದಲ್ಲಿ ವಾರದ ಲೆಕ್ಕ ಬೇಡ. ತೊಟ್ಟಿಯ ಒಳಮೈಗೆ ಒಂದು ಬಣ್ಣದ ಗೆರೆ ಎಳೆಯಿರಿ, ನೀರು ಗೆರೆಗಿಂತ ಕೆಳಗಿಳಿದರೆ ತುಂಬಿಸಿ. ತುಂಬುವ ಮೊದಲು ಹದಿನೈದು ದಿನಕ್ಕೊಮ್ಮೆ ಪಾಚಿ ಉಜ್ಜಿ ತೊಳೆಯುವುದು, ತೊಟ್ಟಿ ರಸ್ತೆಗೂ ಊರಿಗೂ ಹತ್ತಿರ ಬಾರದಂತೆ ಜಾಗ ಆರಿಸುವುದು, ಉರುಳು ಹಾಕುವವರು ಮೊದಲು ಬರುವುದೂ ನೀರಿನ ಬಳಿಗೇ ಎಂದು ಸುತ್ತಲಿನ ಕಾಲುದಾರಿ ಪ್ರತಿ ಬೆಳಿಗ್ಗೆ ನೋಡುವುದು, ಇಷ್ಟು ಕಾವಲುಗಾರನ ಪಾಲು.

ಬೆಳೆ ನಷ್ಟದ ಪರಿಹಾರದಲ್ಲಿ ಒಂದು ಮೂಲ ದೋಷವಿದೆ. ಆನೆ, ಹಂದಿ ತಿನ್ನುವುದು ಕೈಗೆ ಬಂದ ಬೆಳೆ. ಚಿಗರಿ ತಿನ್ನುವುದು ಮೊಳಕೆ. ಜೂನ್ ಕೊನೆ, ಜುಲೈ ಮೊದಲ ವಾರದ ಹೆಸರು, ಸೋಯಾ, ತೊಗರಿ. ಹಿಂಗಾರಿನಲ್ಲಿ ಬಿಳಿಜೋಳ, ಕಡಲೆಯ ಎಳೆ ಸಸಿ. ಎಲೆ ಬಿಚ್ಚುವಾಗ ಹೆಸರು, ಸೋಯಾವನ್ನು ಬೀಜದಳದ ಕೆಳಗೆ ಕಚ್ಚಿದರೆ ಆ ಸಸಿ ಮುಗಿಯಿತು, ಮರುಬಿತ್ತನೆಯೇ ಗತಿ. ತೊಗರಿಯದು ಬೇರೆ ಕತೆ. 45ರಿಂದ 50 ದಿನದ ಬೆಳೆಯ ಕುಡಿಯನ್ನು ನಮ್ಮ ರೈತರೇ ಚಿವುಟುತ್ತಾರೆ, ಕವಲು ಹೆಚ್ಚಲಿ ಎಂದು. ಆ ಹಂತದಲ್ಲಿ ಚಿಗರಿ ತುದಿ ತಿಂದರೆ ಅದನ್ನು ಪೂರ್ತಿ ನಷ್ಟ ಎನ್ನಲಾಗದು. ಹತ್ತು ದಿನದ ಸಸಿ ತಿಂದರೆ ನಷ್ಟವಲ್ಲ ಎನ್ನಲೂ ಆಗದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಮೂನೆ ಇದ್ದರೆ ಒಬ್ಬನಿಗೆ ಪುಕ್ಕಟೆ, ಇನ್ನೊಬ್ಬನಿಗೆ ಅನ್ಯಾಯ.

ಅಳೆಯುವುದು ಕಷ್ಟವೇನಲ್ಲ. ಹೊಲದಲ್ಲಿ ಮೂಲೆಯಿಂದ ಮೂಲೆಗೆ ನಡೆಯುತ್ತ ಹತ್ತು ಜಾಗದಲ್ಲಿ 10 ಮೀಟರ್ ಸಾಲು ಅಳೆದು ಸಸಿ ಎಣಿಸಬೇಕು. ಸಸಿಯಿಂದ ಸಸಿಗೆ ಒಂದು ಅಡಿ ಬಿಟ್ಟ ತೊಗರಿಯಲ್ಲಿ 33 ಇರಬೇಕಾದಲ್ಲಿ 13 ಸಿಕ್ಕರೆ ಶೇ 60 ಹೋಗಿದೆ. ಪಕ್ಕದಲ್ಲಿ ಜೋಡಿ ಗೊರಸಿನ ಗುರುತು, ಹಿಕ್ಕೆಯ ರಾಶಿ ಇದ್ದರೆ ಚಿಗರಿ. ನೆಲ ಉತ್ತಂತೆ ಕೆದರಿದ್ದರೆ ಹಂದಿ. ಸಾಲು ಪೂರ್ತಿ ಖಾಲಿ, ಗುರುತೇ ಇಲ್ಲ ಎಂದರೆ ಬೀಜವೇ ಮೊಳೆತಿಲ್ಲ. ಈ ಎಣಿಕೆ ದೂರು ಕೊಟ್ಟ ಮೂರು ದಿನದೊಳಗೆ ಆಗಬೇಕು, ಯಾಕೆಂದರೆ ರೈತ ನಾಲ್ಕನೇ ದಿನ ಮತ್ತೆ ಬಿತ್ತುತ್ತಾನೆ. ಬಿತ್ತದೆ ಕಾಯಿರಿ, ಅಧಿಕಾರಿ ಬರುತ್ತಾರೆ ಎಂದರೆ ಹದ ಹೋಯಿತು. ಅರ್ಜಿ ಸಲ್ಲಿಕೆಗೆ ಇ-ಪರಿಹಾರ ತಂತ್ರಾಂಶವಿದೆ. ಅದರಲ್ಲಿ ‘ಮರುಬಿತ್ತನೆ ವೆಚ್ಚ’ ಎಂಬ ಒಂದು ಪ್ರತ್ಯೇಕ ಬಗೆ ಸ್ಪಷ್ಟವಾಗಿ ಇರಲಿ. ಭೌಗೋಳಿಕ ಸೂಚ್ಯಂಕ ಪಡೆದ ಕಲಬುರಗಿ ತೊಗರಿಯ ನಾಡಿನಲ್ಲಿ ರೈತ ಚಿಗರಿಯನ್ನು ಸಹಿಸುವುದು ಇಂಥ ಸಣ್ಣ ಕಲಮುಗಳ ಮೇಲೆ ನಿಂತಿದೆ. ಕುರಿಗಾರರದ್ದೂ ಅಷ್ಟೇ. ತೋಳ ಕುರಿಮರಿಯನ್ನು ಹೊತ್ತೊಯ್ದರೆ ಶವವೇ ಇರುವುದಿಲ್ಲ, ಮರಣೋತ್ತರ ಪರೀಕ್ಷೆ ಯಾವುದಕ್ಕೆ? ಹೆಜ್ಜೆ, ರಕ್ತ, ಎಳೆದ ಗುರುತಿನ ಫೋಟೊ ಮತ್ತು ಪಂಚನಾಮೆ ಸಾಕು ಎಂಬ ಆದೇಶ ಇಲ್ಲದಿದ್ದರೆ ಮುಂದಿನ ಸಲ ಸತ್ತ ಕುರಿಗೆ ವಿಷ ಸವರುತ್ತಾರೆ. ತೋಳದ ಜೊತೆ ನರಿ, ಕಿರುಬ, ಹದ್ದು, ಕುರಿಗಾರನ ಸ್ವಂತ ನಾಯಿ, ಎಲ್ಲ ಹೋಗುತ್ತವೆ.

ಇನ್ನು ಜನ ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪು. ಚಿಗರಿ ಹುಟ್ಟಿದ ಮೊದಲ ಒಂದೆರಡು ವಾರ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ತಾಯಿ ದೂರ ಮೇಯುತ್ತದೆ, ಹಾಲೂಡಿಸಲು ಮಾತ್ರ ಬರುತ್ತದೆ. ಅಲುಗಾಡದೆ ಮಲಗಿದ ಮರಿ ಅನಾಥವಲ್ಲ. ಅದನ್ನು ಎತ್ತಿ ಮನೆಗೆ ತಂದು ದನದ ಹಾಲು ಕುಡಿಸಿದರೆ ಭೇದಿಯಾಗಿ ಬಹುಪಾಲು ಬದುಕುವುದಿಲ್ಲ. ದೊಡ್ಡ ಚಿಗರಿಯನ್ನು ಹಿಡಿಯುವುದು ಇನ್ನೂ ಅಪಾಯ. ಹತ್ತಿಪ್ಪತ್ತು ಜನ ಅಟ್ಟಿಸಿಕೊಂಡು ಹೋಗಿ ಕಾಲು ಕಟ್ಟಿ ಟಂಟಂ ಗಾಡಿಯಲ್ಲಿ ಹೇರಿದರೆ ಆ ಹೊತ್ತಿಗೆ ಬದುಕಿದಂತೆ ಕಂಡರೂ ಮಾಂಸಖಂಡ ಒಡೆದು, ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಗಂಟೆಗಳಲ್ಲೋ ಎರಡು ಮೂರು ದಿನದಲ್ಲೋ ಸಾಯುತ್ತದೆ. ಓಡಿಸಿದ್ದೇ ಸಾವಿಗೆ ಕಾರಣ. ಹಿಡಿಯಲೇಬೇಕಾದರೆ ಬಿಸಿಲೇರುವ ಮೊದಲು, ಮೊದಲು ಕಣ್ಣಿಗೆ ಬಟ್ಟೆ, ಅದರ ಎದೆ ನೆಲಕ್ಕೆ ತಾಗುವಂತೆ ಮಲಗಿಸುವುದು, ಪಕ್ಕಕ್ಕೆ ಉರುಳಿಸದಿರುವುದು, ಮಾತು ಕಡಿಮೆ, ನೀರು ಎರಚಿ ಮೈ ತಣ್ಣಗಿಡುವುದು. ತೆರೆದ ಬಾವಿಗೆ ಬಿದ್ದ ನರಿ, ತೋಳಕ್ಕೆ ಬಲೆ ಬೇಕಿಲ್ಲ. ಒಂದು ಉದ್ದನೆ ಏಣಿಯನ್ನೋ ಬೊಂಬನ್ನೋ ಓರೆಯಾಗಿ ಇಳಿಬಿಟ್ಟು ಜನ ನೂರು ಮೀಟರ್ ಹಿಂದೆ ಸರಿದರೆ ರಾತ್ರಿ ತಾನೇ ಏರಿ ಹೋಗುವ ಸಂಭವ ಹೆಚ್ಚು.

ಚಿರತೆ ಬಂದಾಗ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರು, ಅಂದರೆ ಈ ವಿಭಾಗದ ಮುಖ್ಯಸ್ಥರು, ತಮ್ಮ ಬಹುತೇಕ ಅಧಿಕಾರವನ್ನು ಸರ್ಕಾರದ ಒಪ್ಪಿಗೆ ಪಡೆದು ಕೆಳಗಿನವರಿಗೆ ವಹಿಸಬಹುದು; ಮೊದಲ ಅನುಸೂಚಿಯ (ಹೆಚ್ಚಿನ ರಕ್ಷಣೆಯ ಪಟ್ಟಿಯ) ಪ್ರಾಣಿ ಜನರ ಜೀವಕ್ಕೆ ಅಪಾಯವಾದಾಗ ಅದರ ಬೇಟೆಗೆ ಅನುಮತಿ ಕೊಡಲು ಬಳಸುವ 11ನೇ ಕಲಮಿನ ಮೊದಲ ಅಧಿಕಾರವನ್ನು ಮಾತ್ರ ವಹಿಸುವಂತಿಲ್ಲ. ಅದು ಆ ಒಬ್ಬರದೇ. ಬೀದರ್‌ನಿಂದ ಅವರ ಕಚೇರಿ ಸುಮಾರು 700 ಕಿ.ಮೀ. ಹಾಗಾದರೆ ವರದಿಯ ನಮೂನೆ ಮೊದಲೇ ಸಿದ್ಧವಿರಬೇಕು: ಹೆಜ್ಜೆಯ ಫೋಟೊ ಪಕ್ಕದಲ್ಲಿ ಅಳತೆಪಟ್ಟಿ, ಕ್ಯಾಮೆರಾ ಟ್ರ್ಯಾಪಿನ ಚಿತ್ರ, ದಾಳಿಯ ಜಾಗ, ಹತ್ತಿರದ ಮನೆ. ಉತ್ತರ ಅದೇ ದಿನ ಬರಬೇಕು. ಅರಿವಳಿಕೆ ಕೊಡಬಲ್ಲ ವೈದ್ಯರನ್ನು ಹಂಪಿಯ ಕಡೆಯಿಂದಲೋ ಬನ್ನೇರುಘಟ್ಟದಿಂದಲೋ ಕಾಯುತ್ತ ಕೂರುವ ಬದಲು ಬೀದರ್‌ನ ನಂದಿನಗರದಲ್ಲೇ ಇಡೀ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಅಲ್ಲಿಯ ಇಬ್ಬರು ತಜ್ಞರಿಗೆ ತರಬೇತಿ, ಒಂದು ಅರಿವಳಿಕೆ ಬಂದೂಕು, ಔಷಧದ ಅವಧಿ ನೋಡಿಕೊಳ್ಳುವ ಒಬ್ಬ ಜವಾಬ್ದಾರ, ಒಂದು ವಾಹನ. ಮೂರು ಜಿಲ್ಲೆಗೂ ಇದು ಸಾಕು.

ಅದೇ ವಿಶ್ವವಿದ್ಯಾಲಯ ಇನ್ನೊಂದಕ್ಕೂ ಬೇಕು. 33ಎ ಕಲಮಿನಂತೆ ಅಭಯಾರಣ್ಯದೊಳಗೆ ಮತ್ತು ಅದರಿಂದ 5 ಕಿ.ಮೀ. ಒಳಗಿನ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗದ ಲಸಿಕೆ ಹಾಕಿಸುವುದು ಮುಖ್ಯ ವನ್ಯಜೀವಿ ಪರಿಪಾಲಕರ ಕರ್ತವ್ಯ. ಪಶುಪಾಲನಾ ಇಲಾಖೆಯ ಕೆಲಸ ಎಂದು ಕೈತೊಳೆಯುವಂತಿಲ್ಲ. ಕೊಂಚಾವರಂ ಸುತ್ತಲಿನ ತಾಂಡಾಗಳ ಮೇಕೆಗೆ ಪಿಪಿಆರ್ (ಕುರಿ-ಮೇಕೆಗಳ ಪ್ಲೇಗ್) ಲಸಿಕೆ, ದನಕ್ಕೆ ಕಾಲುಬಾಯಿ ಲಸಿಕೆ, ನಾಯಿಗೆ ರೇಬಿಸ್ ಜೊತೆ ಡಿಸ್ಟೆಂಪರ್ ಎಂಬ ವೈರಸ್ ರೋಗದ ಲಸಿಕೆ, ಎಲ್ಲವೂ ಮಳೆಗಾಲಕ್ಕೆ ಮೊದಲು. ಡಿಸ್ಟೆಂಪರ್ ತಗಲಿದ ನಾಯಿಯಿಂದ ನರಿಗೆ, ತೋಳಕ್ಕೆ ದಾಟಲು ಒಂದೇ ನೀರಿನ ತೊಟ್ಟಿ ಸಾಕಾಗುತ್ತದೆ.

ಕಾಯ್ದೆ ಕೊಟ್ಟ ಇನ್ನೊಂದು ಪೆನ್ನು 33ನೇ ಕಲಮು. ರಾಷ್ಟ್ರೀಯ ಉದ್ಯಾನದಲ್ಲಿ ಜಾನುವಾರು ಮೇಯಿಸುವಂತಿಲ್ಲ. ಅಭಯಾರಣ್ಯದಲ್ಲಿ ಅದನ್ನು ನಿಯಂತ್ರಿಸುವ, ಬಿಡುವ, ತಡೆಯುವ ತೀರ್ಮಾನ ಮುಖ್ಯ ವನ್ಯಜೀವಿ ಪರಿಪಾಲಕರದು. ಬೀಜ ಉದುರಿದ ಮೇಲೆ ನವೆಂಬರಿನಲ್ಲಿ ಗೊತ್ತಾದ ಪಟ್ಟಿಗಳಲ್ಲಿ ತಾಂಡಾದವರು ಹುಲ್ಲು ಕೊಯ್ದು ಒಯ್ಯಲು ಬಿಟ್ಟರೆ ಅವರಿಗೆ ಮೇವು, ಇಲಾಖೆಯ ಕಾಡಿನಲ್ಲಿ ಬೆಂಕಿ ಹತ್ತುವ ಒಣ ಹುಲ್ಲು ಕಡಿಮೆ. ಹೊಸ ಹುಲ್ಲಿಗಾಗಿ ಬೆಂಕಿ ಹಚ್ಚುವ ಕೈ ಅಲ್ಲಿಗೆ ಅರ್ಧ ನಿಲ್ಲುತ್ತದೆ. ಎಲ್ಲ ಕಡೆ ಕೊಯ್ಯಿಸುವುದೂ ಬೇಡ. ಸೆಳೆವ (ಹ್ಯಾರಿಯರ್) ಎಂಬ ಬೇಟೆ ಹಕ್ಕಿಗಳು ಚಳಿಗಾಲದ ರಾತ್ರಿ ಇಳಿಯುವುದು ಎತ್ತರದ ಹುಲ್ಲಿನಲ್ಲೇ, ನೆಲದ ಮೇಲೆ.

ಕಂದಾಯ ಭೂಮಿಯ ಚಿಗರಿಗೆ ಅಭಯಾರಣ್ಯ ಎಂಬ ಪದವೇ ಊರಿನಲ್ಲಿ ಗಲಾಟೆ ತರುತ್ತದೆ. ಅದಕ್ಕೆ 36ಎ ಕಲಮಿನ ಸಂರಕ್ಷಣಾ ಮೀಸಲು ಹೆಚ್ಚು ಒಗ್ಗುತ್ತದೆ. ಸರ್ಕಾರದ ಜಮೀನಿಗೆ ಮಾತ್ರ ಅನ್ವಯ, ಊರವರ ಜೊತೆ ಸಮಾಲೋಚನೆ ಕಡ್ಡಾಯ, ಅದರ ನಿರ್ವಹಣಾ ಸಮಿತಿಯಲ್ಲಿ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಕೃಷಿ ಮತ್ತು ಪಶುಪಾಲನಾ ಇಲಾಖೆಯವರು ಇರುತ್ತಾರೆ. ಎಡವುವುದು ಸರ್ವೆಯಲ್ಲಿ. ಸರ್ವೆ ನಂಬರು ಒಂದೇ, ಆಕಾರಬಂದಿನಲ್ಲಿ (ಸರ್ವೆ ಇಲಾಖೆಯ ದಾಖಲೆಯಲ್ಲಿ) ಒಂದು ವಿಸ್ತೀರ್ಣ, ಪಹಣಿಯಲ್ಲಿ ಇನ್ನೊಂದು, ನೆಲದ ಮೇಲೆ ನಾಲ್ಕು ಜನರ ಬಗರ್‌ಹುಕುಂ ಅರ್ಜಿ. ಜಂಟಿ ಸರ್ವೆ ಮುಗಿಸಿ, ಉಳುಮೆಯ ತುಂಡುಗಳನ್ನು ಬಿಟ್ಟು, ಆಮೇಲೆ ಗ್ರಾಮಸಭೆಗೆ ನಕ್ಷೆ ಒಯ್ಯಬೇಕು. ನಕ್ಷೆ ಮೊದಲು ಪತ್ರಿಕೆಯಲ್ಲಿ ಬಂದರೆ ಸಭೆ ನಡೆಯುವುದೇ ಇಲ್ಲ. ಇಷ್ಟೆಲ್ಲ ಆಗುವುದರೊಳಗೆ ಅದೇ ಮಡ್ಡಿಯನ್ನು ‘ಬಂಜರು’ ಎಂದು ಸೋಲಾರ್‌ಗೆ ಕೊಡದಂತೆ ಜಿಲ್ಲಾಧಿಕಾರಿಗೆ ಒಂದು ಪತ್ರ ಮೊದಲೇ ಹೋಗಿರಬೇಕು.

ಬೋನಾಳದ ಬಗ್ಗೆ ಚಿಕ್ಕದಾಗಿ. ಕೆರೆ ಪೂರ್ತಿ ತುಂಬಿದ್ದರೆ ಕಣ್ಣಿಗೆ ಚಂದ, ಆದರೆ ಕೆಸರು ದಂಡೆ ಹುಡುಕುವ ಹಕ್ಕಿಗೆ ಊಟವಿಲ್ಲ. ತೂಬು ಎತ್ತುವವರು, ಮೀನು ಗುತ್ತಿಗೆ ಕೊಡುವವರು, ಹಕ್ಕಿ ಕಾಯುವವರು ಮೂರು ಬೇರೆ ಬೇರೆ ಕಚೇರಿಗಳವರು. ನವೆಂಬರಿನಿಂದ ಫೆಬ್ರವರಿವರೆಗಿನ ನೀರಿನ ಮಟ್ಟ ಮತ್ತು ಬಲೆ ಹಾಕದ ಭಾಗವನ್ನು ಸೆಪ್ಟೆಂಬರಿನಲ್ಲೇ ಒಟ್ಟಿಗೆ ಕೂತು ಬರೆದುಕೊಳ್ಳಲಿ.

ಸಿಬ್ಬಂದಿಯಿಲ್ಲದೆ ಇದೆಲ್ಲ ಕಾಗದ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಸಿ ದರ್ಜೆಯಲ್ಲಿ ಶೇ 80, ಡಿ ದರ್ಜೆಯಲ್ಲಿ ಶೇ 85 ಹುದ್ದೆ ಈ ಭಾಗದವರಿಗೆ. ಇಲ್ಲಿಯ ಹುಡುಗರೇ ಅರಣ್ಯ ರಕ್ಷಕರಾಗಿ ಬರುತ್ತಾರೆ ಎಂಬುದು ಒಳ್ಳೆಯದೇ. ಆದರೆ ಅವರ ತರಬೇತಿಯಲ್ಲಿ ಆನೆ ಓಡಿಸುವ ಪಾಠ ಉದ್ದ, ಹುಲ್ಲು ಗುರುತಿಸುವ ಪಾಠ ಗಿಡ್ಡ ಆಗಬಾರದು. ವಲಯ ಅರಣ್ಯಾಧಿಕಾರಿ ಎರಡು ಬೇಸಿಗೆಯಾದರೂ ಒಂದೇ ಕಡೆ ಇರಲಿ. ಮೊದಲ ಬೇಸಿಗೆಯಲ್ಲಿ ಬೆಂಕಿ ಎಲ್ಲಿಂದ ಬರುತ್ತದೆ ಎಂದು ತಿಳಿಯುತ್ತದೆ, ಎರಡನೆಯದರಲ್ಲಿ ತಡೆಯಬಹುದು. ಚಿಗರಿಯ ಎಣಿಕೆಯೂ ಪ್ರತಿ ವರ್ಷ ಅದೇ ತಿಂಗಳು, ಅದೇ ದಾರಿ, ಅದೇ ಹೊತ್ತಿನಲ್ಲಿ ಆಗಬೇಕು. ಫೆಬ್ರವರಿಯ ಗಿಡ್ಡ ಹುಲ್ಲಿನಲ್ಲಿ ಕಂಡ ಸಂಖ್ಯೆಯನ್ನು ಸೆಪ್ಟೆಂಬರಿನ ಎತ್ತರದ ಹುಲ್ಲಿನಲ್ಲಿ ಕಂಡದ್ದಕ್ಕೆ ಹೋಲಿಸಿ ಹೆಚ್ಚಾಯಿತು, ಕಡಿಮೆಯಾಯಿತು ಎನ್ನುವುದಕ್ಕೆ ಅರ್ಥವಿಲ್ಲ.

ಕೊನೆಯದಾಗಿ ಒಂದು ಬೇಡಿಕೆ. 33ಬಿ ಕಲಮಿನಲ್ಲಿ ಅಭಯಾರಣ್ಯಕ್ಕೆ ಸಲಹಾ ಸಮಿತಿ ಇದೆ: ಸ್ಥಳೀಯ ಶಾಸಕರು, ಪಂಚಾಯತ್ ಪ್ರತಿನಿಧಿಗಳು, ಪಶುವೈದ್ಯ ಇಲಾಖೆ, ಗೃಹ ಇಲಾಖೆ, ಸಂಘಸಂಸ್ಥೆಗಳವರು. ಅಧ್ಯಕ್ಷತೆ ಮುಖ್ಯ ವನ್ಯಜೀವಿ ಪರಿಪಾಲಕರದು ಅಥವಾ ಅವರು ನೇಮಿಸಿದ ಹಿರಿಯ ಅಧಿಕಾರಿಯದು. ರಾಜ್ಯ ವನ್ಯಜೀವಿ ಮಂಡಳಿಗೂ ಅವರೇ ಸದಸ್ಯ ಕಾರ್ಯದರ್ಶಿ. ಕಾರ್ಯಸೂಚಿ ಬರೆಯುವ ಕೈ ಅವರದು. ಚಿಂಚೋಳಿಯ ಸಮಿತಿಯ ಈ ಸಾಲಿನ ಸಭೆಯನ್ನು ಅವರೇ ಖುದ್ದಾಗಿ, ದಸರೆಗೂ ದೀಪಾವಳಿಗೂ ನಡುವೆ, ಚಂದ್ರಂಪಳ್ಳಿಯಲ್ಲೇ ಕರೆಯಲಿ. ಮೊದಲ ವಿಷಯ ಬೆಂಕಿ ರೇಖೆಯ ದುಡ್ಡು ಬಂತೇ ಎಂಬುದು, ಎರಡನೆಯದು ಕಾವಲುಗಾರರ ಬಾಕಿ ಕೂಲಿ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಕಲಬುರಗಿ. ಅಲ್ಲಿಂದ ರಸ್ತೆಯಲ್ಲಿ ಬಂದರೂ ಮಧ್ಯಾಹ್ನದ ಊಟಕ್ಕೆ ಮೊದಲು ಹುಲ್ಲಿನ ಎತ್ತರ ನೋಡಲು ಸಮಯ ಸಿಗುತ್ತದೆ.

ಇಂತಿ,
ಚಿಂಚೋಳಿ, ಬೀದರ್ ಮತ್ತು ಸುರಪುರ ಭಾಗದ ಕೆಲವು ಓದುಗರು